ಹಿಂದಿನ ಸೀಟಿನಲ್ಲಿ ಅಮ್ಮ, ಮುಂದೆ ಪರದೇಶದ ಗಡಿ

"ಹನಗೋಡಿನಿಂದ ಹುಣಸೂರಿಗೆ ಬೈಕಿನಲ್ಲಿ ಹೋಗಿ ಬರುವಷ್ಟರಲ್ಲಿ ನಮ್ಮವ್ವನಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಮೈಸೂರಿನವರೊಬ್ಬರು ತಾಯಿಯನ್ನು ಹಳೆಯ ಸ್ಕೂಟರಿನಲ್ಲಿ ಕೂರಿಸಿಕೊಂಡು ನೇಪಾಳ, ಭೂತಾನ ಎಲ್ಲಾ ಸುತ್ತಿ ಬಂದರೆಂದು ಓದಿದೆ. ಆ ಗಾಡಿ ಹೇಗೆ ತಡೆಯಿತು? ಆ ತಾಯಿ ಹೇಗೆ ತಡೆದರು?"

ಪ್ರವಾಸವನ್ನು ಕುರಿತ ನಮ್ಮ ಚರ್ಚಾ ಕಾರ್ಯಕ್ರಮಕ್ಕೆ ಬಂದ ಪತ್ರಗಳಲ್ಲಿ ಹನಗೋಡಿನ ವಿದ್ಯಾರ್ಥಿಯೊಬ್ಬರ ಈ ಪ್ರಶ್ನೆಯೂ ಇತ್ತು. ಅರ್ಧ ಗಂಟೆಯ ಮಾತುಕತೆಯಲ್ಲಿ ಲೆಕ್ಕ ಬಿಡಿಸಿ ತೋರಿಸಲು ಆಗುವುದಿಲ್ಲ. ಈ ಪ್ರಶ್ನೆಗೋ ಲೆಕ್ಕವಿಲ್ಲದೆ ಉತ್ತರವಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಓದುವಾಗ ಪಕ್ಕದಲ್ಲಿ ಒಂದು ಪೆನ್ಸಿಲ್ ಇರಲಿ.

ಮೊದಲು ಆ ಇಬ್ಬರ ವಿಷಯ. ಮೈಸೂರಿನ ಡಿ. ಕೃಷ್ಣಕುಮಾರ್ ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ನೌಕರಿಯಲ್ಲಿದ್ದವರು. ತಂದೆ 2015ರಲ್ಲಿ ತೀರಿಕೊಂಡರು. ಒಂದು ದಿನ ತಾಯಿ ಚೂಡಾರತ್ನಮ್ಮನವರನ್ನು ಯಾವ ಯಾವ ಕ್ಷೇತ್ರ ನೋಡಿದ್ದೀರಿ ಎಂದು ಕೇಳಿದಾಗ, ಪಕ್ಕದ ಜಿಲ್ಲೆಯ ಬೇಲೂರು ಹಳೇಬೀಡನ್ನೇ ನೋಡಿಲ್ಲ ಎಂಬ ಉತ್ತರ ಬಂತು. ದೊಡ್ಡ ಕುಟುಂಬದ ಅಡುಗೆಮನೆಯಲ್ಲೇ ಅವರ ಆಯುಷ್ಯ ಕಳೆದಿತ್ತು. ಮಗ ನೌಕರಿ ಬಿಟ್ಟರು. ತಂದೆ ಕೊಡಿಸಿದ್ದ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿಯನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಮೈಸೂರಿನಿಂದ ಹೊರಟರು. ಆಗ ತಾಯಿಗೆ ಎಪ್ಪತ್ತರ ಆಸುಪಾಸು. ಯಾತ್ರೆಗೆ 'ಮಾತೃ ಸೇವಾ ಸಂಕಲ್ಪ ಯಾತ್ರೆ' ಎಂದು ಹೆಸರಿಟ್ಟರು. ಭಾರತದ ಉದ್ದಗಲವಲ್ಲದೆ ನೇಪಾಳ, ಭೂತಾನ, ಮ್ಯಾನ್ಮಾರ್‌ಗಳನ್ನೂ ಕಂಡು 2020ರ ಸೆಪ್ಟೆಂಬರಿನಲ್ಲಿ ಮೈಸೂರಿಗೆ ಮರಳಿದಾಗ ಅವರು ಕ್ರಮಿಸಿದ್ದ ದೂರ 56,522 ಕಿಲೋಮೀಟರ್. ಭೂಮಧ್ಯರೇಖೆಯ ಸುತ್ತಳತೆ ಸುಮಾರು 40,075 ಕಿಲೋಮೀಟರ್ ಎಂಬುದನ್ನು ನೆನಪಿಸಿಕೊಳ್ಳಿ.

ಪತ್ರಿಕೆಗಳು ಈ ಸುದ್ದಿಯನ್ನು ಮಾತೃಭಕ್ತಿಯ ಕಥೆಯಾಗಿ ಬರೆದವು. ಅದು ನಿಜವೇ. ಆದರೆ ಭಕ್ತಿಯಿಂದ ಟೈರು ಸವೆಯುವುದು ನಿಲ್ಲುವುದಿಲ್ಲ, ಬ್ರೇಕು ಕಾಯುವುದು ತಪ್ಪುವುದಿಲ್ಲ. ಅದಕ್ಕೆ ಬೇರೆ ಕಾರಣಗಳನ್ನೇ ಹುಡುಕಬೇಕು.

ಮೊದಲ ಕಾರಣ ಸಾಮಾನ್ಯ ಭಾಗಾಕಾರದಲ್ಲಿದೆ. 2018ರ ಜನವರಿಯಿಂದ 2020ರ ಸೆಪ್ಟೆಂಬರ್‌ವರೆಗೆ ಸುಮಾರು 970 ದಿನ. 56,522ನ್ನು 970ರಿಂದ ಭಾಗಿಸಿ. ದಿನಕ್ಕೆ 58 ಕಿಲೋಮೀಟರ್ ಬರುತ್ತದೆ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಅದಕ್ಕಿಂತ ತುಸು ಹೆಚ್ಚು, ಅಷ್ಟೆ. ಇದು ಸರಾಸರಿ ಮಾತ್ರ. ಕೆಲವು ದಿನ ಬಹಳ ದೂರ ಓಡಿಸಿರಬಹುದು, ಕೆಲವು ದಿನ ಒಂದೇ ಊರಿನಲ್ಲಿ ಉಳಿದಿರಬಹುದು. ಕೊರೊನಾ ಕಾಲದಲ್ಲಿ ಭೂತಾನದ ಗಡಿಯ ಬಳಿ ತಂಗಬೇಕಾಗಿಯೂ ಬಂತು. ಆದರೂ ಆ ಪ್ರವಾಸದ ಗುಟ್ಟು ಈ ಸಂಖ್ಯೆಯಲ್ಲಿ ಅಡಗಿದೆ ಎಂದೇ ನನ್ನ ಎಣಿಕೆ. ಗಾಡಿ ಎಷ್ಟು ದೂರ ಓಡಬಲ್ಲದು ಎಂದು ನೋಡಿ ಹೊರಡುವವರು ಒಂದು ತರಹ. ಹಿಂದೆ ಕುಳಿತವರು ಎಷ್ಟು ಹೊತ್ತು ಕುಳಿತಿರಬಲ್ಲರು ಎಂದು ನೋಡಿ ಹೊರಡುವವರು ಇನ್ನೊಂದು ತರಹ. ಮೂವತ್ತೆರಡು ತಿಂಗಳ ಪ್ರಯಾಣಕ್ಕೆ ಎರಡನೆಯ ತರಹವೇ ಸರಿ.

ಹಿಂದೆ ಕುಳಿತವರು ಗಾಡಿಯ ಮಟ್ಟಿಗೆ ಬರಿಯ ಹೊರೆಯಲ್ಲ. ಇದನ್ನು ತೂಕದಿಂದಲೇ ತಿಳಿಯೋಣ. ಚೇತಕ್‌ನಂಥ ಸ್ಕೂಟರಿನ ತೂಕ ನೂರು ಕಿಲೋಗಿಂತ ತುಸು ಹೆಚ್ಚು. 105 ಎಂದಿಟ್ಟುಕೊಳ್ಳಿ. ಇಬ್ಬರು ಸೇರಿ 125, ಬಟ್ಟೆಬರೆ, ಪಾತ್ರೆ, ನೀರು ಸೇರಿ 40. ಅಂದರೆ ಹೊರುವ ಗಾಡಿಗಿಂತ ಹೊರಿಸಿದ್ದೇ ಹೆಚ್ಚು! ಕಾರಿನಲ್ಲಿ ಹೀಗಾಗುವುದಿಲ್ಲ. ನಾಲ್ಕು ಜನ ಕುಳಿತರೂ ಕಾರಿನ ತೂಕದ ಅರ್ಧದಷ್ಟೂ ಆಗುವುದಿಲ್ಲ. ಆದ್ದರಿಂದ ದ್ವಿಚಕ್ರ ವಾಹನದಲ್ಲಿ ತೂಕ ಎಷ್ಟು ಎಂಬುದರಷ್ಟೇ, ಎಲ್ಲಿ ಇದೆ ಎಂಬುದೂ ಮುಖ್ಯ.

ಮಕ್ಕಳಾಡುವ ಏತದ ಹಲಗೆಯನ್ನು ನೆನೆಯಿರಿ. ಹಿಂದಿನ ಚಕ್ರದ ಅಚ್ಚನ್ನೇ ಅದರ ಆಧಾರವೆಂದು ತಿಳಿಯಿರಿ. ಸವಾರ ಅಚ್ಚಿನ ಮುಂದೆ ಇರುತ್ತಾನೆ. ಹಿಂಬದಿ ಸವಾರರು ಸುಮಾರಾಗಿ ಅಚ್ಚಿನ ಮೇಲೆಯೇ ಬರುತ್ತಾರೆ. ಅವರ ಬೆನ್ನ ಹಿಂದೆ ಕ್ಯಾರಿಯರ್ ಕಟ್ಟಿ ಅದಕ್ಕೊಂದು ಮೂಟೆ ಹೇರಿದರೆ, ಅದು ಅಚ್ಚಿಗಿಂತ ಹಿಂದಕ್ಕೆ ಹೋಗಿ ಮುಂದಿನ ಚಕ್ರವನ್ನು ಮೇಲಕ್ಕೆತ್ತುತ್ತದೆ. ಚಕ್ರ ನೆಲ ಬಿಡುವುದಿಲ್ಲ, ನಿಜ. ಆದರೆ ನೆಲದ ಮೇಲೆ ಅದರ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದರೆ ಘರ್ಷಣೆ ಕಡಿಮೆ. ಘರ್ಷಣೆ ಕಡಿಮೆಯಾದರೆ ಹ್ಯಾಂಡಲ್ ತಿರುಗಿಸಿದಷ್ಟು ಗಾಡಿ ತಿರುಗುವುದಿಲ್ಲ, ಮುಂದಿನ ಬ್ರೇಕೂ ಪೂರ್ತಿ ಹಿಡಿಯುವುದಿಲ್ಲ. ಹೊಗೆಸೊಪ್ಪಿನ ಹೊರೆಯನ್ನೋ ಗೊಬ್ಬರದ ಮೂಟೆಯನ್ನೋ ಹಿಂದೆ ಕಟ್ಟಿಕೊಂಡು ಗದ್ದೆಯ ಏರಿಯ ಮೇಲೆ ಮೊಪೆಡ್ ಓಡಿಸಿದವರಿಗೆ ಹ್ಯಾಂಡಲ್ 'ಹಗುರ' ಆಗುವುದೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ದೂರ ಪ್ರಯಾಣದವರು ಭಾರದ ಸಾಮಾನನ್ನು ತಗ್ಗಿನಲ್ಲಿ, ಎರಡು ಚಕ್ರಗಳ ನಡುವೆ, ಸಾಧ್ಯವಾದಷ್ಟು ಮುಂದಕ್ಕೆ ಇಡುವುದು ಇದಕ್ಕೇ. ಈ ವಿಷಯದಲ್ಲಿ ಹಳೆಯ ಸ್ಕೂಟರಿಗೆ ಒಂದು ಅನುಕೂಲ ಉಂಟು: ಸವಾರನ ಕಾಲ ಬಳಿಯ ಚಪ್ಪಟೆ ಜಾಗ. ನಮ್ಮ ಕಡೆ ಅಲ್ಲಿ ಗ್ಯಾಸ್ ಸಿಲಿಂಡರಿನಿಂದ ಹಿಡಿದು ಸಣ್ಣ ಮಗುವಿನವರೆಗೆ ಎಲ್ಲವೂ ನಿಲ್ಲುತ್ತವೆ. ಮಗುವನ್ನು ನಿಲ್ಲಿಸಬಾರದು, ಆ ಮಾತು ಬೇರೆ.

ನಮ್ಮ ದೇಶದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ, ಸೀರೆ. ಸೀರೆಯುಟ್ಟವರು ಒಂದು ಪಕ್ಕಕ್ಕೆ ಕಾಲು ಹಾಕಿ ಕುಳಿತರೆ ಗುರುತ್ವ ಕೇಂದ್ರ ನಡುಗೆರೆಯಿಂದ ಪಕ್ಕಕ್ಕೆ ಸರಿಯುತ್ತದೆ. ಸವಾರ ತನಗರಿವಿಲ್ಲದೆಯೇ ಮೈಯನ್ನು ಇನ್ನೊಂದು ಕಡೆಗೆ ವಾಲಿಸಿ ಸರಿದೂಗಿಸುತ್ತಾನೆ. ಐದು ಕಿಲೋಮೀಟರಿಗೆ ಇದು ಗೊತ್ತಾಗದು, ನೂರು ಕಿಲೋಮೀಟರಿಗೆ ಇಬ್ಬರ ಬೆನ್ನಿಗೂ ಗೊತ್ತಾಗುತ್ತದೆ. ಪತ್ರ ಬರೆದ ವಿದ್ಯಾರ್ಥಿಯ ಅವ್ವನ ಸೊಂಟನೋವಿಗೆ ರಸ್ತೆಯ ಗುಂಡಿಗಳ ಜೊತೆಗೆ ಇದೂ ಒಂದು ಕಾರಣವಿರಬಹುದು. ಸೊಂಟವನ್ನು ತಿರುಚಿಕೊಂಡು ಕುಳಿತಾಗ ಪ್ರತಿ ಕುಲುಕೂ ಬೆನ್ನುಮೂಳೆಗೆ ನೇರವಾಗಿ ತಟ್ಟುತ್ತದೆ. ಎರಡು ಕಡೆಗೂ ಕಾಲು ಹಾಕಿ, ಪಾದ ಊರಿ ಕುಳಿತರೆ ಕಾಲುಗಳು ಅದರಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ಹಿಂಬದಿ ಸವಾರರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಪಾದದಾಣಿ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ತಡೆ ಇವು ಮೂರೂ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಹೇಳುತ್ತದೆ. 'ಅಂದ ಕೆಡುತ್ತದೆ' ಎಂದು ಈ ತಡೆಯನ್ನು ಬಿಚ್ಚಿಸಿ ಹಾಕುವ ಕಾಲೇಜು ಮಿತ್ರರು ದಯಮಾಡಿ ಗಮನಿಸಬೇಕು. ಹಿಂದೆ ಸೆರಗು ಹೊದ್ದು ಕೂರುವವರು ಅವರ ತಾಯಿಯೇ.

ಇಬ್ಬರು ಒಂದೇ ಗಾಡಿಯಲ್ಲಿ ಪರದೇಶ ದಾಟಲು ಹೊರಟ ಜಗತ್ಪ್ರಸಿದ್ಧ ಉದಾಹರಣೆ ಅರ್ಜೆಂಟೀನಾದ್ದು. 1952ರಲ್ಲಿ, ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಅರ್ನೆಸ್ಟೋ ಗೆವಾರ ತನ್ನ ಗೆಳೆಯ ಆಲ್ಬರ್ಟೋ ಗ್ರನಾಡೋ ಜೊತೆ 500 ಸಿ.ಸಿ.ಯ ಹಳೆಯ ನಾರ್ಟನ್ ಮೋಟಾರ್ ಸೈಕಲ್ಲಿನಲ್ಲಿ ದಕ್ಷಿಣ ಅಮೆರಿಕ ನೋಡಲು ಹೊರಟ. ಗಾಡಿಗೆ ಇಟ್ಟ ಹೆಸರಿನ ಅರ್ಥವೇ 'ಬಲಶಾಲಿ'. ಆ ಬಲಶಾಲಿಗೆ ಮಿತಿಮೀರಿ ಹೊರೆ ಹೇರಿದ್ದರು. ದಾರಿಯುದ್ದಕ್ಕೂ ಬಿದ್ದೆದ್ದು, ತಂತಿ ಕಟ್ಟಿ ರಿಪೇರಿ ಮಾಡಿಕೊಂಡು ಹೇಗೋ ಚಿಲಿ ದೇಶ ಸೇರಿದರು. ಅಲ್ಲಿಗೆ ಗಾಡಿಯ ಕಥೆ ಮುಗಿಯಿತು. ಉಳಿದ ಪ್ರಯಾಣವೆಲ್ಲ ಲಾರಿ, ಹಡಗು, ಕಾಲ್ನಡಿಗೆ. ಗೆವಾರ ಮುಂದೆ 'ಚೆ' ಎಂದು ಹೆಸರಾದದ್ದು ನಿಮಗೆ ಗೊತ್ತು. ಅವರ ಎಂಜಿನ್ ಚೇತಕ್ಕಿನ ಎಂಜಿನ್ನಿಗಿಂತ ಮೂರು ಪಟ್ಟಿಗೂ ದೊಡ್ಡದಾಗಿತ್ತು ಎಂಬುದನ್ನು ಮಾತ್ರ ಇಲ್ಲಿ ಗುರುತು ಹಾಕಿಕೊಳ್ಳಿ.

ಇನ್ನು ಇಬ್ಬರು ಇಂಗ್ಲಿಷ್ ಹೆಂಗಸರು ಇದ್ದರು, ಥೆರೆಸಾ ವಾಲಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರಾನ್. 600 ಸಿ.ಸಿ.ಯ ಪ್ಯಾಂಥರ್ ಗಾಡಿಗೆ ಪಕ್ಕದ ಪೆಟ್ಟಿಗೆಯನ್ನೂ ಹಿಂದೊಂದು ಪುಟ್ಟ ಗಾಡಿಯನ್ನೂ ಜೋಡಿಸಿಕೊಂಡು 1934ರ ಡಿಸೆಂಬರಿನಲ್ಲಿ ಲಂಡನ್ ಬಿಟ್ಟರು. ಸಹಾರಾ ಮರುಭೂಮಿ ದಾಟಿ, ನಡುವೆ ಕೆಟ್ಟುಹೋದ ಎಂಜಿನ್ನನ್ನು ಅಗಡೆಜ್ ಎಂಬಲ್ಲಿ ಬಿಚ್ಚಿ ಜೋಡಿಸಿ, 1935ರ ಜುಲೈನಲ್ಲಿ ಕೇಪ್‌ಟೌನ್ ಮುಟ್ಟಿದರು. ಅವರಿಗೆ ಮೆಕ್ಯಾನಿಕ್ ಕೆಲಸ ಬರುತ್ತಿತ್ತು. ಗುರಿ ಮುಟ್ಟಿಸಿದ್ದು ಸಿ.ಸಿ.ಗಿಂತ ಹೆಚ್ಚಾಗಿ ಆ ಕೈಕೆಲಸ.

ಈಗ ಬೆಟ್ಟ ಹತ್ತೋಣ. ನಮ್ಮ ಗಡಿಗೆ ಅಂಟಿದ ಭೂತಾನದ ಫುಂಟ್‌ಶೋಲಿಂಗ್ ಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ. ರಾಜಧಾನಿ ಥಿಂಪು ಸುಮಾರು 2,300 ಮೀಟರ್. ನಡುವಿನ ಏರುಪೇರುಗಳನ್ನು ಬಿಟ್ಟರೂ ಒಟ್ಟು ಏರಿಕೆ 2,000 ಮೀಟರ್. ನಮ್ಮ 270 ಕಿಲೋ ಮೊತ್ತವನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಎಷ್ಟು? ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರರ ಗುಣಲಬ್ಧ. 270 × 9.8 × 2,000. ಸುಮಾರು 53 ಲಕ್ಷ ಜೂಲ್. ಭಯಪಡಬೇಡಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 320 ಲಕ್ಷ ಜೂಲ್ ಶಕ್ತಿ ಇರುತ್ತದೆ. ಎಂಜಿನ್ ಅದರಲ್ಲಿ ಐದನೇ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ಹಚ್ಚುತ್ತದೆ ಎಂದುಕೊಂಡರೂ, ಈ ಏರಿಕೆಗೆಂದೇ ತಗಲುವ ಪೆಟ್ರೋಲ್ ಒಂದು ಲೀಟರಿಗಿಂತ ಕಡಿಮೆ. ಗಾಳಿಯ ತಡೆ, ಟೈರಿನ ಘರ್ಷಣೆಗಳ ಖರ್ಚು ಬೇರೆ. ಒಟ್ಟಿನಲ್ಲಿ ಹಳೆಯ ಸ್ಕೂಟರಿಗೆ ಹಿಮಾಲಯ ಏರುವಷ್ಟು ಶಕ್ತಿ ಇದೆ. ಬೇಗ ಏರುವಷ್ಟು ಇಲ್ಲ. ಶಕ್ತಿಗೂ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದಲ್ಲ, ಅದು ಇದೇ. ಅದೇ ಕೆಲಸವನ್ನು ಎರಡನೇ ಗೇರಿನಲ್ಲಿ, ಎರಡು ಪಟ್ಟು ಹೊತ್ತು ತೆಗೆದುಕೊಂಡು ಮಾಡಿದರಾಯಿತು.

ಮೇಲೆ ಹೋದಂತೆ ಇನ್ನೊಂದು ತೊಡಕು. ಗಾಳಿ ತೆಳುವಾಗುತ್ತದೆ. ಥಿಂಪುವಿನಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಐದರಲ್ಲಿ ನಾಲ್ಕು ಪಾಲು ಮಾತ್ರ. ಅಲ್ಲಿಂದ ಪುನಾಖಾಕ್ಕೆ ಹೋಗುವ ದಾರಿಯ ದೋಚುಲಾ ಕಣಿವೆ 3,100 ಮೀಟರ್. ಅಲ್ಲಿ ಇನ್ನೂ ಕಡಿಮೆ. ಈಗಿನ ಇಂಧನ ಚಿಮ್ಮಿಸುವ ಎಂಜಿನ್ನುಗಳು ಗಾಳಿಯನ್ನು ಅಳೆದು ಪೆಟ್ರೋಲನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತವೆ. ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಗಾಳಿ ಕಡಿಮೆ ಬಂದರೂ ಪೆಟ್ರೋಲು ಹೆಚ್ಚುಕಡಿಮೆ ಮೊದಲಿನಷ್ಟೇ. ಹೀಗಾಗಿ ಅರೆಬರೆ ಉರಿದು ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಎಂಜಿನ್ ಗೊರಗುಟ್ಟುತ್ತದೆ. ಪ್ಲಗ್ಗು ಬಿಚ್ಚಿ ಉಪ್ಪುಕಾಗದದಲ್ಲಿ ತಿಕ್ಕುವುದು ಬಲ್ಲವರು ಮುಂದೆ ಹೋಗುತ್ತಾರೆ. ಉಳಿದವರು ತಳ್ಳುತ್ತಾರೆ.

ಏರಿದವರು ಇಳಿಯಲೂ ಬೇಕು, ಅದು ಏರುವುದಕ್ಕಿಂತ ಕಷ್ಟ. ಏರುವಾಗ ಗಳಿಸಿದ 53 ಲಕ್ಷ ಜೂಲ್ ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕಲ್ಲವೇ? ಅದೆಲ್ಲವನ್ನೂ ಬ್ರೇಕಿಗೇ ಬಿಟ್ಟರೆ ಆ ಶಾಖದಲ್ಲಿ ಹದಿನೇಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಒಂದು ದೊಡ್ಡ ಕೊಡ ನೀರು! ಅಂಗೈಯಗಲದ ಬ್ರೇಕ್ ಡ್ರಮ್ಮಿಗೆ ಅದನ್ನು ಹೊರಿಸಿದರೆ ಒಳಗಿನ ಲೈನರ್ ಕಾದು ಹಿಡಿತ ಬಿಡುತ್ತದೆ. ಆದ್ದರಿಂದಲೇ 'ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ' ಎಂದು ಘಾಟಿಯ ಚಾಲಕರು ಹೇಳುವುದು. ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಟೂ-ಸ್ಟ್ರೋಕ್ ಗಾಡಿಯಾದರೆ ಇಲ್ಲೊಂದು ಸೂಕ್ಷ್ಮವಿದೆ. ಅದರಲ್ಲಿ ಎಂಜಿನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆ ಬೆರೆತು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಹಳ ಹೊತ್ತು ಇಳಿದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಪಿಸ್ಟನ್ ಒಣಗಿ ಹಿಡಿದುಕೊಳ್ಳುತ್ತದೆ. ಬಲ್ಲ ಸವಾರರು ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಎಂಜಿನ್ನಿಗೆ 'ಎಣ್ಣೆ ಕುಡಿಸುತ್ತಾರೆ'.

ಹಾಗಾದರೆ ಇಷ್ಟು ಹಳೆಯ ಗಾಡಿ ಏಕೆ, ಹೊಸದು ಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ತಂದೆ ಕೊಟ್ಟ ಗಾಡಿ ಎಂಬುದು ಮಗನ ಉತ್ತರ. ಯಂತ್ರದ ಉತ್ತರವೂ ಒಂದಿದೆ. ಚೇತಕ್ಕಿನ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಂದೇ ಅಳತೆಯವು, ಮೂರನೆಯದೊಂದು ಸ್ಟೆಪ್ನಿ ಗಾಡಿಯಲ್ಲೇ ಇರುತ್ತದೆ. ಪಂಕ್ಚರ್ ಆದರೆ ಕೆಲವು ನಟ್ಟು ಬಿಚ್ಚಿ ಚಕ್ರ ಬದಲಿಸಿದರೆ ಮುಗಿಯಿತು. ಮೋಟಾರ್ ಸೈಕಲ್ಲುಗಳಲ್ಲಿ ಈ ಭಾಗ್ಯವಿಲ್ಲ. ಕ್ಲಚ್ ವೈರು, ಪ್ಲಗ್ಗು, ಟ್ಯೂಬು, ಲೈನರ್ ಇಷ್ಟನ್ನು ಒಂದು ಕೈಚೀಲದಲ್ಲಿ ಇಟ್ಟುಕೊಳ್ಳಬಹುದು. ಹಳ್ಳಿಯ ಮರದಡಿಯ ಮೆಕ್ಯಾನಿಕ್ಕಿಗೂ ಅದರ ಒಳಹೊರಗು ಗೊತ್ತು. ಕಂಪ್ಯೂಟರ್ ಹಚ್ಚಿ ದೋಷ ಕಂಡುಹಿಡಿಯಬೇಕಾದ ಗಾಡಿ ಅಪರಿಚಿತ ಕಣಿವೆಯಲ್ಲಿ ನಿಂತರೆ ನಿಂತಂತೆಯೇ.

ಮೈಸೂರು ಸೀಮೆಯವರಿಗೆ ಈ ಮಾತು ಹೊಸದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಇಲ್ಲೇ ತಯಾರಿಸಿತು. 1970ರ ದಶಕದಲ್ಲಿ ಅವು ಯೆಜ್ದಿ ಎಂಬ ಹೆಸರು ಪಡೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಗಾಡಿಗಳು ಈಗಲೂ ಓಡುತ್ತಿವೆ. ಪರದೇಶದ ನಕ್ಷೆಯಿಂದ ಹುಟ್ಟಿದ ಗಾಡಿ ಮೈಸೂರಿನ ಗಾಡಿಯೇ ಆದದ್ದು ಹೇಗೆಂದರೆ, ಬಿಚ್ಚಿ ಜೋಡಿಸಬಲ್ಲ ಕೈಗಳು ಇಲ್ಲಿ ತಯಾರಾದವು.

ವೇಗದ ಲೆಕ್ಕವೊಂದು ಉಳಿದಿದೆ. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 11 ಮೀಟರ್ ಹೋಗಿರುತ್ತದೆ. ಸಾಧಾರಣವಾದ ಬ್ರೇಕಿನಿಂದ, ಅಂದರೆ ಪ್ರತಿ ಸೆಕೆಂಡಿಗೆ ವೇಗ 5 ಮೀಟರಿನಂತೆ ತಗ್ಗಿದರೆ, ಮತ್ತೆ 12 ಮೀಟರ್. ಒಟ್ಟು 23. ವೇಗ 80 ಆದರೆ? 22 ಮೀಟರ್ ಮತ್ತು 49 ಮೀಟರ್; ಒಟ್ಟು 71. ಎರಡು ಪಟ್ಟು ವೇಗಕ್ಕೆ ಮೂರು ಪಟ್ಟು ದೂರ. ಗುರುತಿಲ್ಲದ ರಸ್ತೆಯಲ್ಲಿ, ಮುಂದಿನ ತಿರುವಿನಾಚೆ ಯಾಕ್ ನಿಂತಿದೆಯೋ ಲಾರಿ ನಿಂತಿದೆಯೋ ತಿಳಿಯದಾಗ, ಈ 48 ಮೀಟರಿನ ವ್ಯತ್ಯಾಸವೇ ಎಲ್ಲವೂ.

ಹಿಂದೆ ಕುಳಿತವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಸವಾರನಿಗೆ ರಸ್ತೆ ಕಾಣುತ್ತದೆ, ಹಿಡಿಯಲು ಹ್ಯಾಂಡಲ್ ಇದೆ, ಬ್ರೇಕ್ ಒತ್ತುವವನೂ ಅವನೇ ಆದ್ದರಿಂದ ಮೈ ಮೊದಲೇ ಬಿಗಿಯಾಗಿರುತ್ತದೆ. ಹಿಂಬದಿಯವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಆದರೂ ನಮ್ಮಲ್ಲಿ ಹೆಲ್ಮೆಟ್ ಎಂದರೆ ಓಡಿಸುವವನದು ಎಂಬ ಭಾವನೆ ಹೋಗಿಲ್ಲ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಇವರಲ್ಲಿ ಎಷ್ಟು ಜನ ತಾಯಂದಿರು, ಎಷ್ಟು ಜನ ಹೆಂಡತಿಯರು, ಎಷ್ಟು ಜನ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳು ಎಂದು ಅಂಕಿಅಂಶ ಹೇಳುವುದಿಲ್ಲ.

ಕೊನೆಯದಾಗಿ ಗಡಿಯ ವಿಷಯ. ಗಡಿ ಎಂದರೆ ಬೇಲಿ ಎಂದು ಮಾತ್ರ ತಿಳಿಯಬೇಡಿ, ಅದೊಂದು ಕಚೇರಿ. ಮನುಷ್ಯರಿಗೆ ಒಂದು ಕಾಗದ, ಗಾಡಿಗೆ ಇನ್ನೊಂದು ಕಾಗದ. ನೇಪಾಳಕ್ಕೂ ಭೂತಾನಕ್ಕೂ ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆದರೆ ಗಾಡಿಗೆ ಅನುಮತಿ ಬೇಕು. ನೇಪಾಳದಲ್ಲಿ ಅದಕ್ಕೆ 'ಭನ್ಸಾರ್' ಎನ್ನುತ್ತಾರೆ, ಅಂದರೆ ಸುಂಕದ ಕಟ್ಟೆಯ ಚೀಟಿ. ಎಷ್ಟು ದಿನ ಗಾಡಿ ಅಲ್ಲಿರುತ್ತದೋ ಅಷ್ಟು ದಿನಕ್ಕೆ ಹಣ ಕಟ್ಟಬೇಕು. ಭೂತಾನ 2022ರಿಂದ ಭಾರತೀಯ ಪ್ರವಾಸಿಗಳಿಗೂ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ ವಿಧಿಸಿದೆ. ಇನ್ನೂ ದೂರದ ಕೆಲವು ದೇಶಗಳಿಗೆ ಗಾಡಿ ಒಯ್ಯಲು 'ಕಾರ್ನೆ' ಎಂಬ ಜಾಮೀನು ಪುಸ್ತಕ ಬೇಕು. ನಿಮ್ಮ ಗಾಡಿಯನ್ನು ಅಲ್ಲಿ ಮಾರಿಬಿಡದೆ ವಾಪಸು ತರುತ್ತೀರಿ ಎಂಬುದಕ್ಕೆ ಅದು ಖಾತರಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಸಾರಿಗೆ ಕಚೇರಿಯಲ್ಲೇ ಕೊಡುತ್ತಾರೆ. ನಿಮ್ಮ ಕಡೆಯವರಿಗೆ ಅದು ಕೆಎ-45ರ ಹುಣಸೂರು.

ಮ್ಯಾನ್ಮಾರ್ ಗಡಿ ದಾಟಿದರೆ ರಸ್ತೆಯೇ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಅಲ್ಲಿ 1970ರಿಂದ ವಾಹನಗಳು ಬಲಗಡೆ ಓಡುತ್ತವೆ. ನೇರ ರಸ್ತೆಯಲ್ಲಿ ಇದು ಬೇಗ ರೂಢಿಯಾಗುತ್ತದೆ. ಕಷ್ಟವಾಗುವುದು ವೃತ್ತಗಳಲ್ಲಿ, ಮತ್ತು ಬೆಳಿಗ್ಗೆ ಗಾಡಿ ಹೊರಡಿಸಿದ ಮೊದಲ ನಿಮಿಷದಲ್ಲಿ. ಆಗ ಹಿಂದೆ ಕುಳಿತವರು 'ಬಲಕ್ಕೆ, ಬಲಕ್ಕೆ' ಎನ್ನುತ್ತಿದ್ದರೆ ಒಳ್ಳೆಯದು. 2021ರ ಫೆಬ್ರವರಿಯಲ್ಲಿ ಅಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಆ ದಾರಿ ಪ್ರವಾಸಿಗಳಿಗೆ ಮೊದಲಿನಂತೆ ಸಲೀಸಾಗಿಲ್ಲ.

ಗಡಿಯ ಗೇಟಿಗೆ ಹೊತ್ತುಗೊತ್ತು ಇರುತ್ತದೆ ಎಂಬುದನ್ನು ಎಚ್.ಡಿ. ಕೋಟೆ ಕಡೆಯವರಿಗೆ ಹೇಳಬೇಕಿಲ್ಲ. ಮಾನಂದವಾಡಿಗೆ ಹೋಗುವ ಕಾಡಿನ ರಸ್ತೆ ಸಂಜೆ ಆರಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೇ. ಐದು ನಿಮಿಷ ತಡವಾಗಿ ಹೋಗಿ ಅಂಗಲಾಚಿ ನೋಡಿದವರಿಗೆ ಗೊತ್ತು. ದೇಶದ ಗಡಿಯಲ್ಲೂ ಅಷ್ಟೇ. ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲೇ ಅಲ್ಲಿಗೆ ತಲುಪುವಂತೆ ದಿನದ ದೂರವನ್ನು ಇಟ್ಟುಕೊಂಡರೆ, ಗೇಟು ಮುಚ್ಚಿದ್ದರೂ ಹಿಂದಿನ ಊರಿಗೆ ಮರಳಿ ತಂಗಲು ಬೆಳಕಿರುತ್ತದೆ.